ಕಸ್ತೂರಿಯ ಪರೀಕ್ಷಾ ಫಾರ್ಮು

ನಮ್ಮ ಊರು ಬಿಟ್ಟು ಹೋದವರ ಹೆಸರು ಕಾಗದದ ಮೇಲೆ ನಿಲ್ಲುವುದಿಲ್ಲ. ತಿರುಗಿ ಬರುವ ಮನಸ್ಸಿಲ್ಲದೆ ಯಾರಾದರೂ ಗಡಿಕಲ್ಲು ದಾಟಿದರೆ ಮೂರನೆಯ ದಿನಕ್ಕೆ ರೇಷನ್ ಕಾರ್ಡು, ಮದುವೆಯ ದಾಖಲೆ, ಮಕ್ಕಳ ಜನನ ಪತ್ರ, ಹೀಗೆ ಎಲ್ಲಿದ್ದರೆ ಅಲ್ಲಿಂದ ಅವರ ಹೆಸರು ಅಳಿಸಿಹೋಗುತ್ತದೆ. ಆ ಹೆಸರನ್ನು ಮತ್ತೆ ಬರೆಯಲು ಹೋದರೆ ಹಾಳೆ ಮಸಿ ಹಿಡಿಯುವುದಿಲ್ಲ. ಸಂತೆಗೋ ಮದುವೆಗೋ ಹೋಗಿಬರುವವರಿಗೆ ಏನೂ ಆಗುವುದಿಲ್ಲ. ಎರಡು ಮನಸ್ಸಿನಲ್ಲಿ ಹೋದವರ ಹೆಸರು ಮಸುಕಾಗಿ ಉಳಿದಿರುತ್ತದೆ. ಸತ್ತವರ ಹೆಸರು ಮೊದಲಿಗಿಂತ ಕಪ್ಪಾಗುತ್ತದೆ. ಹೋದವರು ಮರಳಿ ಬಂದರೆ ಹೆಸರೂ ಮರಳಿ ಬರುತ್ತದೆ. ನಾವೆಲ್ಲ ಇದರೊಳಗೇ ಹುಟ್ಟಿ ಬೆಳೆದವರಾದ್ದರಿಂದ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಮಗ ಜಗಳವಾಡಿ ಮನೆ ಬಿಟ್ಟರೆ ತಾಯಂದಿರು ಮೊದಲು ರೇಷನ್ ಕಾರ್ಡು ತೆಗೆದು ನೋಡುತ್ತಾರೆ. ಹೆಸರು ಗಟ್ಟಿಯಾಗಿದ್ದರೆ ಅವನ ಪಾಲಿನ ಊಟ ಮುಚ್ಚಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ.

ನಾನು ಊರಿನ ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕ್ಲಾರ್ಕ್ ಆಗಿದ್ದೆ. ಹುಡುಗ ಹುಡುಗಿಯರೆಲ್ಲ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಆ ನೌಕರಿ ನನಗೆ ಸಿಕ್ಕಿದ್ದು ಅದೇ ಕಾಲೇಜಿನ ಲೈಬ್ರರಿಯಲ್ಲಿದ್ದ ನನ್ನ ಗಂಡ ತೀರಿಕೊಂಡದ್ದರಿಂದ. ಅರ್ಜಿಯಲ್ಲಿ ಅವರ ಹೆಸರು ಎಷ್ಟು ಕಪ್ಪಗೆ ಕೂತಿತ್ತೆಂದರೆ ಸಾಹೇಬರು ಎರಡನೆಯ ಮಾತು ಕೇಳಲಿಲ್ಲ. ವಿಧವೆಯರಿಗೆ ನಮ್ಮ ಊರಿನ ನಿಯಮಗಳಲ್ಲಿ ಒಂದು ಜಾಗವಿದೆ. ಗಂಡ ಬಿಟ್ಟುಹೋದವರಿಗೆ ಇಲ್ಲ. ಅವರ ವಿಷಯ ನಿಯಮದ ಪುಸ್ತಕದಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಇದು ನನಗೆ ಸರಿಯಾಗಿ ತಿಳಿದದ್ದು ಕಸ್ತೂರಿ ನನ್ನ ಕಿಟಕಿಯ ಮುಂದೆ ಬಂದು ನಿಂತ ಮೇಲೆ.

ಅವಳಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಮಾರ್ಕು ತೆಗೆದಿದ್ದಳು. ಆ ವರ್ಷವೇ ಹಮಾಲಿ ಮಾಡುತ್ತಿದ್ದ ಅಪ್ಪ ತೀರಿಕೊಂಡ. ಸೋದರಮಾವಂದಿರು ಸೇರಿ ಫಕ್ಕೀರೇಶ ಎಂಬ ಲಾರಿ ಕ್ಲೀನರನಿಗೆ ಅವಳನ್ನು ಕೊಟ್ಟರು. ಮಗಳು ಅಕ್ಷತಾ ಎಂಟು ತಿಂಗಳ ಕೂಸಾಗಿದ್ದಾಗ ಫಕ್ಕೀರೇಶ ಒಂದು ಲೋಡಿನ ಜೊತೆ ಹೋದವನು ಬರಲಿಲ್ಲ. ನಾಲ್ಕನೆಯ ದಿನ ಕಸ್ತೂರಿ ಜೋಳ ತರಲು ಹೋದಾಗ ರೇಷನ್ ಅಂಗಡಿಯವನು ಕಾರ್ಡನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಮನೆಯ ಯಜಮಾನನ ಹೆಸರಿದ್ದ ಸಾಲು ಖಾಲಿಯಾಗಿತ್ತು. ಅಂಗಡಿಯವನು ಎರಡು ಪಾಲು ಅಳೆದುಕೊಟ್ಟ. ಆಮೇಲೆ ಅವಳು ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿಕೊಂಡಳು.

ಕಾಲೇಜಿನ ಅರ್ಜಿಯಲ್ಲಿ, ಮದುವೆಯಾದ ಹೆಂಗಸು ಗಂಡನ ಹೆಸರು ತುಂಬಬೇಕು ಎಂಬ ಒಂದು ಚೌಕ ಇತ್ತು. ಕಸ್ತೂರಿ ಅದರಲ್ಲಿ ಫಕ್ಕೀರೇಶ ಎಂದು ಬರೆದಳು. ನೀರಿನಲ್ಲಿ ಅದ್ದಿದ ಕಡ್ಡಿಯಿಂದ ಬರೆದಂತೆ ಅದು ಆರಿಹೋಯಿತು. ಅಪ್ಪನ ಹೆಸರು ಬರೆಯಲೇ ಎಂದು ಕೇಳಿದಳು. ಮದುವೆಯಾದವರಿಗೆ ಹಾಗೆ ಬರೆಯಲು ಬರುವುದಿಲ್ಲ ಎಂದೆ. ಖಾಲಿ ಬಿಡಲೇ ಎಂದಳು. ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ.

"ಮುಂದಿನ ವರ್ಷ ನೋಡೂಣಂತ," ಎಂದೆ. ಮರುವರ್ಷ ಬಂದಳು. ಮತ್ತೆ ಅದನ್ನೇ ಹೇಳಿದೆ. ನನ್ನ ಧ್ವನಿಯಲ್ಲಿ ಗಡಸೇನೂ ಇರಲಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದೆ, ಅಷ್ಟೆ.

ಮೂರನೆಯ ವರ್ಷ ಅವಳು ಫಾರ್ಮನ್ನು ಮನೆಯಲ್ಲೇ ತುಂಬಿಕೊಂಡು ಬಂದಿದ್ದಳು. ನಾನು ನೇರವಾಗಿ ಆ ಚೌಕಕ್ಕೆ ಕಣ್ಣು ಹಾಕಿದೆ. ಅದರಲ್ಲಿ ದುಂಡನೆಯ ಅಕ್ಷರದಲ್ಲಿ ಕಸ್ತೂರಿ ಎಂದಿತ್ತು.

"ಇದೇನಿದು? ಇಲ್ಲಿ ನಿನ್ನ ಹೆಸರ ಬರದೀಯಲ್ಲ?"

"ಖಾಲಿ ಬಿಡಬಾರದು ಅಂದ್ರೆಲ್ರಿ ಅಕ್ಕಾರ. ಖಾಲಿ ಇಲ್ಲ."

ಬೆರಳಿನಿಂದ ಉಜ್ಜಿ ನೋಡಿದೆ. ಮಸಿ ಹಿಡಿದಿತ್ತು. ಫಾರ್ಮನ್ನು ಪ್ರಿನ್ಸಿಪಾಲರ ಹತ್ತಿರ ಒಯ್ದೆ. ಅವರು ನಿಯಮದ ಪುಸ್ತಕವನ್ನು ಎರಡು ಸಲ ತಿರುವಿದರು. ಚೌಕ ಖಾಲಿ ಇರಬಾರದು ಎಂದಿತ್ತೇ ಹೊರತು ಹೆಂಡತಿಯ ಹೆಸರು ಬರೆಯಬಾರದು ಎಂದು ಎಲ್ಲೂ ಇರಲಿಲ್ಲ. ಯಾರೂ ಹಾಗೆ ಬರೆಯಬಹುದೆಂದು ಪುಸ್ತಕ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. "ತಗೋರಿ, ಹೋಗಲಿ," ಎಂದರು. ನಾನು ಸೀಲು ಒತ್ತಿದೆ. ಮಗುವಿಗೆ ಆಗ ಮೂರು ತುಂಬಿತ್ತು.

ಪ್ರವೇಶ ಸಿಕ್ಕಿದ್ದು ಸಣ್ಣ ಕೆಲಸ ಎಂದು ಆಮೇಲೆ ತಿಳಿಯಿತು. ನಸುಕಿನಲ್ಲಿ ಎದ್ದು ಖಾನಾವಳಿಗೆ ಹೋಗಿ ಇನ್ನೂರು ರೊಟ್ಟಿ ಬಡಿದು, ಮಗಳನ್ನು ಅಂಗನವಾಡಿಗೆ ಬಿಟ್ಟು, ಹತ್ತೂವರೆಗೆ ಅವಳು ಕ್ಲಾಸಿನಲ್ಲಿ ಕೂರಬೇಕಿತ್ತು. ಹಿಟ್ಟಿನ ಡಬ್ಬಿಗೆ ಪುಸ್ತಕ ಆನಿಸಿಟ್ಟು ಬಡಿಯುತ್ತ ಬಡಿಯುತ್ತಲೇ ಓದುತ್ತಿದ್ದಳು. ರಸಾಯನಶಾಸ್ತ್ರದ ಪುಸ್ತಕದ ಹಾಳೆಗಳ ನಡುವೆ ಜೋಳದ ಹಿಟ್ಟು ಉದುರುತ್ತದೆ, ಇರುವೆ ಹತ್ತುತ್ತವೆ ಎಂದು ಲೈಬ್ರರಿಯವರು ನನ್ನ ಹತ್ತಿರ ದೂರು ತಂದರು. ಆ ಪುಸ್ತಕವನ್ನು ಕಾಲೇಜಿನಲ್ಲಿ ಅವಳಷ್ಟು ಸಲ ಯಾರೂ ತೆಗೆದುಕೊಂಡು ಹೋಗಿರಲಿಲ್ಲ. ಹಿಂದಿನ ಚೀಟಿಯಲ್ಲಿ ಸಾಲಾಗಿ ಅವಳದೇ ಹೆಸರು ಇತ್ತು.

ದೊಡ್ಡ ಗೋಳು ಪ್ರಾಕ್ಟಿಕಲ್‌ನದು. ಮಂಗಳವಾರ, ಶುಕ್ರವಾರ ಎರಡರಿಂದ ಐದರವರೆಗೆ ಪ್ರಾಕ್ಟಿಕಲ್. ಅಂಗನವಾಡಿ ಬಿಡುತ್ತಿದ್ದದ್ದು ಮೂರೂವರೆಗೆ. ಮೊದಲ ಎರಡು ವಾರ ಅವಳು ನಡುವೆ ಓಡಿಹೋಗಿ ಮಗಳನ್ನು ಕರೆತಂದು ಪ್ರಯೋಗಾಲಯದ ಬಾಗಿಲ ಹೊರಗೆ ಕೂರಿಸಿದಳು. ಮೂರನೆಯ ವಾರ ಕಟಗೇರಿ ಸರ್ ಹೊರಗೆ ಬಂದರು. ರಸಾಯನಶಾಸ್ತ್ರ ಕಲಿಸುತ್ತಿದ್ದ ಅವರು ಕೆಟ್ಟ ಮನುಷ್ಯರಲ್ಲ. ಒಂದು ಸಲ ಆ್ಯಸಿಡ್ ಸಿಡಿದು ಅವರ ಕೈಯ ಎರಡು ಬೆರಳು ಸುಟ್ಟಿದ್ದವು, ಹಾಗಾಗಿ ಆ ಕೋಣೆಯ ಹತ್ತಿರ ಚಿಕ್ಕವರು ಸುಳಿದರೆ ಅವರಿಗೆ ಆಗುತ್ತಿರಲಿಲ್ಲ.

"ಕೂಸನ್ನ ಕರಕೊಂಡ ಬರೂದಿದ್ರ ನೀ ಬರಬ್ಯಾಡವ್ವಾ," ಎಂದರು.

ಕಸ್ತೂರಿ ಮಗಳನ್ನು ಕೈಹಿಡಿದುಕೊಂಡು ಆಫೀಸಿನ ಮುಂದೆ ಬಂದು ನಿಂತಳು. ನಾನು ಎದ್ದು ರೆಕಾರ್ಡ್ ಕೋಣೆಯ ಬಾಗಿಲು ತೆಗೆದೆ.

ಅಲ್ಲಿಂದ ಮುಂದೆ ಮೂರು ವರ್ಷ ವಾರಕ್ಕೆ ಎರಡು ಮಧ್ಯಾಹ್ನ ಅಕ್ಷತಾ ಹಳೆಯ ರಿಜಿಸ್ಟರುಗಳ ನಡುವೆ ಬೆಳೆದಳು. ಅಕ್ಷರ ಕಲಿತದ್ದೇ ಆ ಪುಟಗಳ ಮೇಲೆ. ಖಾಲಿ ಸಾಲು ಕಂಡಲ್ಲಿ ಬೆರಳಿಟ್ಟು, "ಇಲ್ಲಿ ಯಾರಿದ್ರು?" ಎಂದು ಕೇಳುತ್ತಿದ್ದಳು. ನೆನಪಿದ್ದರೆ ಹೇಳುತ್ತಿದ್ದೆ. ಬಹಳಷ್ಟು ಸಲ ನೆನಪಿರುತ್ತಿರಲಿಲ್ಲ.

ಡಿಗ್ರಿಯ ಎರಡನೆಯ ವರ್ಷ ಮಗುವಿಗೆ ಜ್ವರ ಬಂದು ಹದಿನೈದು ದಿನ ಬಿಡಲಿಲ್ಲ. ಕಸ್ತೂರಿಗೆ ನಾಲ್ಕು ಪ್ರಾಕ್ಟಿಕಲ್ ತಪ್ಪಿದವು, ಹಾಜರಿ ಕಮ್ಮಿ ಬಿತ್ತು. ಅವಳು ಕಟಗೇರಿ ಸರ್ ಮನೆಗೇ ಹೋಗಿ ಕೂತಳಂತೆ. ಅವರು ಬೆಳಿಗ್ಗೆ ಏಳಕ್ಕೆ ಬಂದರೆ ಮಾಡಿಸುತ್ತೇನೆ ಎಂದರು. ಏಳು ಗಂಟೆ ಎಂದರೆ ರೊಟ್ಟಿಯ ಹೊತ್ತು. ಅವಳ ಜೊತೆ ಬಡಿಯುತ್ತಿದ್ದ ಚನ್ನವ್ವ ಎಂಬ ಮುದುಕಿ ನಾಲ್ಕು ದಿನ ಒಬ್ಬಳೇ ಇಬ್ಬರ ಪಾಲಿನ ರೊಟ್ಟಿ ಬಡಿದಳು. ಐದನೆಯ ದಿನ ಅವಳ ಮೊಣಕೈ ಏಳಲಿಲ್ಲ. ಕಸ್ತೂರಿ ಆಮೇಲೆ ಎಂಟು ದಿನ ಅವಳ ಪಾಲನ್ನೂ ಬಡಿದು ತೀರಿಸಿದಳು. ಇಂಥ ಲೆಕ್ಕಗಳು ಕಾಲೇಜಿನ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಹೀಗೆ ಮೂರನೆಯ ವರ್ಷದ ಕೊನೆಗೆ ಬಂದಳು. ಪರೀಕ್ಷಾ ಫಾರ್ಮು ತುಂಬಲು ಇನ್ನು ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಅವಳು ರೇಷನ್ ಕಾರ್ಡು ತೆಗೆದಾಗ ಖಾಲಿ ಸಾಲಿನಲ್ಲಿ ಫ ಎಂಬ ಅಕ್ಷರ ಎಳೆಎಳೆಯಾಗಿ ಮೂಡಿತ್ತು. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಹೆಸರು ಬಂದಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಲೆಯ ಮುಂದೆ ಕೂತು ಆ ದಿನದ ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದಳಂತೆ. ಯಾಕೆ ಹಾಕಿದೆ ಎಂದು ತನಗೇ ಗೊತ್ತಾಗಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಫಕ್ಕೀರೇಶ ಮರುದಿನ ಮನೆಗೆ ಬಂದ. ಹಿಂದಿನ ದಿನವೇ ಊರು ಸೇರಿ ಗೆಳೆಯನ ಮನೆಯಲ್ಲಿ ಇಳಿದುಕೊಂಡಿದ್ದ. ದಪ್ಪಗಾಗಿದ್ದ, ಮುಂದಲೆಯ ಕೂದಲು ಹೋಗಿತ್ತು. ಕುಡಿತ ಬಿಟ್ಟಿದ್ದ. ದೂರದ ಒಂದು ಊರಿನ ಸಿಮೆಂಟ್ ಗೋಡೌನಿನಲ್ಲಿ ಕಾವಲು ಕೆಲಸ, ಗೋಡೌನಿನ ಪಕ್ಕದಲ್ಲೇ ಎರಡು ಕೋಣೆಯ ಮನೆ, ನಡೆದುಹೋಗುವಷ್ಟು ಹತ್ತಿರ ಸಾಲೆ, ಎಲ್ಲವನ್ನೂ ಹೇಳಿದ. ತಿಂಗಳ ಕೊನೆಗೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ತಪ್ಪಾಯಿತು ಎಂದೂ ಅಂದ. ಕಸ್ತೂರಿ ಅವನಿಗೆ ಬಡಿಸಿದಳು. ಅಕ್ಷತಾ ಬಾಗಿಲ ಮರೆಯಿಂದ ನೋಡುತ್ತಿದ್ದವಳು ಮೂರನೆಯ ದಿನ ಅವನ ಪಕ್ಕದಲ್ಲಿ ಕೂತು ಉಂಡಳು. ಐದನೆಯ ದಿನ ಅವನ ಹೆಗಲ ಮೇಲೆ ಕೂತು ಸಾಲೆಗೆ ಹೋದಳು. ಆಗ ಅವಳು ಒಂದನೆಯ ಇಯತ್ತೆ.

ಪರೀಕ್ಷಾ ಫಾರ್ಮಿಗೆ ರೇಷನ್ ಕಾರ್ಡಿನ ನಕಲು ಲಗತ್ತಿಸಬೇಕಿತ್ತು. ಅದರಲ್ಲಿ ಗಂಡನ ಹೆಸರು ಕಂಡರೆ ಗಂಡನ ಒಪ್ಪಿಗೆಯ ಸಹಿ ಬೇಕು. ಹೆಸರಿಲ್ಲದಿದ್ದರೆ ಸಹಿಯೂ ಬೇಡ. ಹಿಂದಿನ ಎರಡು ವರ್ಷ ಅವಳ ಫಾರ್ಮು ಹಾಗೆಯೇ ಹೋಗಿತ್ತು. ಈಗ ಕಸ್ತೂರಿ ಅವನ ಮುಂದೆ ಫಾರ್ಮು ಇಟ್ಟಳು.

"ಪರೀಕ್ಷಾ ಮುಗಿಯೂತನಕ ತಡೀರಿ. ಇಲ್ಲೊಂದ ಸಹಿ ಮಾಡ್ರಿ," ಎಂದಳು.

ಫಕ್ಕೀರೇಶ ಫಾರ್ಮನ್ನು ಮೇಲಿನಿಂದ ಕೆಳಗೆ ನೋಡಿದ. "ಹೆಂಗೂ ನನ್ನ ಸಂಗಟ ಬರಾಕಿ ನೀ. ಗಡಿಕಲ್ಲ ದಾಟಿದ ಮೂರನೇ ದಿನಕ್ಕ ನಿನ್ನ ಹೆಸರ ಹೋಗತೈತಿ. ಮಾರ್ಕ್ಸ್ ಕಾರ್ಡಿನಾಗ ಬರೀ ನಂಬರ ಉಳೀತಾವು. ಯಾರವು ಅಂತ ಯಾರಿಗೆ ಗೊತ್ತಾಕ್ಕೈತಿ? ಸುಮ್ಮನ ಯಾಕ ತ್ರಾಸ ಮಾಡ್ಕೋತಿ?"

ಅವನು ಅಣಕಿಸಿ ಹೇಳಿದ ಮಾತಲ್ಲ ಅದು. ಇದ್ದದ್ದೇ ಹಾಗೆ. ಹತ್ತನೆಯ ಇಯತ್ತೆಯಿಂದ ಅಲ್ಲಿಯವರೆಗೆ ಓದಿ ಗಳಿಸಿದ ಅಷ್ಟೂ ಕಾಗದ ಬೋಳಾಗುತ್ತದೆ.

"ನಾ ಬರಂಗಿಲ್ಲ ಅಂದ್ರ?"

"ಬರಂಗಿಲ್ಲ ಅಂದ್ರ ನಾ ಯಾಕ ಸಹಿ ಮಾಡ್ಲಿ?" ಎಂದು ಅವನು ಫಾರ್ಮನ್ನು ಮಡಿಸಿ ಅವಳ ಕೈಗೇ ಕೊಟ್ಟ.

ಅವಳು ಸೋಮವಾರ ನನ್ನ ಹತ್ತಿರ ಬಂದಳು. ಶನಿವಾರ ಸಂಜೆ ಐದಕ್ಕೆ ಫಾರ್ಮು ತೆಗೆದುಕೊಳ್ಳುವುದು ಮುಗಿಯುತ್ತಿತ್ತು. ಎಲ್ಲ ಕೇಳಿ ನಾನು, "ಈ ವರ್ಷ ಬಿಡು, ಮುಂದಿನ ವರ್ಷ ಕಟ್ಟಿದ್ರ ಆತು," ಎಂದೆ.

"ಮುಂದಿನ ವರ್ಷ ಅಂದ್ರ ಏನಂತ ನಂಗ ಗೊತ್ತೈತ್ರಿ ಅಕ್ಕಾರ," ಎಂದಳು. "ನೀವು ಎರಡ ಸಲ ಹೇಳೀರಿ."

ನಾನು ರಿಜಿಸ್ಟರು ತೆಗೆದು ಬೇರೆ ಏನೋ ಬರೆಯತೊಡಗಿದೆ. ಅವಳು ಬೆಂಚಿನ ಮೇಲೆ ಕೂತಳು. ಆಮೇಲೆ ಬೆರಳು ಮಡಿಸುತ್ತ, "ಗುರುವಾರ, ಶುಕ್ರವಾರ, ಶನಿವಾರ," ಎಂದು ತನ್ನಷ್ಟಕ್ಕೆ ಎಣಿಸಿದಳು. "ಬುಧವಾರ ಮುಂಜಾನೆ ಹೋದ್ರ ಶನಿವಾರಕ್ಕ ಮೂರ ದಿನ ಆಗತಾವಲ್ರಿ?"

ಯಾರು ಹೋದರೆ ಎಂದು ನಾನು ಕೇಳಲಿಲ್ಲ. ಆಗತಾವು ಎಂದೆ.

ಬುಧವಾರ ಅವಳು ಖಾನಾವಳಿಗೆ ಹೋಗಲಿಲ್ಲ. ಮನೆಯಲ್ಲೇ ಹನ್ನೆರಡು ರೊಟ್ಟಿ ಮಾಡಿ, ಶೇಂಗಾ ಚಟ್ನಿ ಹಾಕಿ, ಬಟ್ಟೆಯಲ್ಲಿ ಕಟ್ಟಿದಳು. ಗೆಳೆಯನ ಮನೆಯಿಂದ ಫಕ್ಕೀರೇಶ ಚಹಾ ಕುಡಿಯಲು ಬಂದಾಗ ಗಂಟನ್ನು ಅವನ ಕೈಗೆ ಕೊಟ್ಟಳು. ಎಂಟೂವರೆಗೆ ಬಸ್ಸಿದೆ ಎಂದಳು. ಅವನು ಮೊದಲು ನಕ್ಕ. ಇನ್ನೊಂದು ವಾರ ಇರುತ್ತೇನೆ, ಅಷ್ಟರಲ್ಲಿ ನಿನ್ನ ಮನಸ್ಸು ತಿರುಗಬಹುದು ಎಂದ. ಅವಳು ಗೆಳೆಯನ ಮನೆಯಲ್ಲಿದ್ದ ಅವನ ಚೀಲ ಎತ್ತಿಕೊಂಡು ಮುಂದೆ ನಡೆದಳು. ಅಕ್ಷತಾ ಅಪ್ಪನ ಬೆರಳು ಹಿಡಿದುಕೊಂಡು ಹಿಂದೆ ಬಂದಳು. ಮೂವರೂ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತರು.

"ಮೊದಲ ಸಲ ಹೇಳದ ಹೋಗಿದ್ರಿ," ಎಂದಳು ಕಸ್ತೂರಿ. "ಈ ಸಲ ನಾನ ಹೇಳಾಕತ್ತೀನಿ. ಹೋಗ್ರಿ."

"ಅಷ್ಟು ಸಿಟ್ಟ ಐತೇನು ನನ್ನ ಮ್ಯಾಲೆ?"

"ಸಿಟ್ಟ ಮಾಡ್ಕೊಳ್ಳಾಕ ಪುರಸೊತ್ತಿಲ್ಲ. ಶನಿವಾರ ಫಾರ್ಮ್ ಕೊಡೂದೈತಿ."

ಫಕ್ಕೀರೇಶ ಊರಿನವನೇ, ಅವನಿಗೆ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ.

"ತಿರುಗಿ ಬರೂ ಮನಸ ಇಟ್ಕೊಂಡ ಹೋಗಬ್ಯಾಡ್ರಿ," ಎಂದಳು ಅವಳು. ಈ ಮಾತು ಹೇಳುವಾಗ ಮಗಳಿಗೆ ಕೇಳದಿರಲಿ ಎಂದು ಧ್ವನಿ ಇಳಿಸಿದಳಂತೆ.

"ಅದು ನನ್ನ ಕೈಯಾಗ ಐತೇನು, ಕಸ್ತೂರಿ?" ಎಂದ ಅವನು.

ಬಸ್ಸು ಬಂತು. ಅಕ್ಷತಾ, "ಯಾವಾಗ ಬರತಿ?" ಎಂದು ಕೇಳಿದಳು. ಅವನು ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡಲಿಲ್ಲ. "ಛಲೋತ್ನಂಗ ಓದು," ಎಂದಷ್ಟೇ ಹೇಳಿ ಮಗಳ ತಲೆ ಸವರಿ ಅವನು ಬಸ್ಸು ಹತ್ತಿದ. ಬಸ್ಸು ಹೋದ ಮೇಲೆ ಕಸ್ತೂರಿ ಮಗಳನ್ನು ಸಾಲೆಗೆ ಬಿಟ್ಟು, ಹತ್ತೂವರೆಯ ಕ್ಲಾಸಿಗೆ ಬಂದಳು. ಅಂದು ಅವಳ ಹಾಜರಿ ಇದೆ. ನಾನು ನೋಡಿದ್ದೇನೆ.

ಗುರುವಾರ ಹೆಸರು ಗಟ್ಟಿಯಾಗಿಯೇ ಇತ್ತು. ಶುಕ್ರವಾರ ಸ್ವಲ್ಪ ಬಣ್ಣಗೆಟ್ಟಿತು. ಶನಿವಾರ ಮಧ್ಯಾಹ್ನ ಮೂರಕ್ಕೆ ಅವಳು ಕಾರ್ಡು ಹಿಡಿದುಕೊಂಡು ಬಂದಾಗ ಅದು ಪೂರ್ತಿ ಹೋಗಿರಲಿಲ್ಲ. ನೀರು ಬೆರೆಸಿದ ಹಾಲಿನಂತೆ ತೆಳ್ಳಗೆ, ಆದರೆ ಓದಬಲ್ಲವರಿಗೆ ಓದಲು ಬರುವಂತೆ, ಫಕ್ಕೀರೇಶ ಎಂದೇ ಇತ್ತು. ಎಲ್ಲೋ ದೂರದಲ್ಲಿ ಕೂತು ಆ ಮನುಷ್ಯ ಇನ್ನೂ ಹಿಂದೆ ತಿರುಗಿ ನೋಡುತ್ತಿದ್ದ. ನಾಲ್ಕಕ್ಕೆ ನೋಡಿದೆವು, ಹಾಗೆಯೇ ಇತ್ತು. ನಾಲ್ಕೂವರೆಗೂ ಹಾಗೆಯೇ ಇತ್ತು. ಕಸ್ತೂರಿ ಅಳಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ಅದರ ಎರಡೂ ಬದಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ಹೆಬ್ಬೆರಳಿನ ಬುಡದಲ್ಲಿ ಹಂಚಿನ ಕಾವಿಗೆ ಸುಟ್ಟ ಹಳೆಯ ಕಲೆಗಳಿದ್ದವು.

ನಾನು ಆಫೀಸಿನ ಝೆರಾಕ್ಸ್ ಮಷಿನ್ನಿನಲ್ಲಿ ಕಾರ್ಡಿನ ನಕಲು ತೆಗೆದು, ಫಾರ್ಮಿಗೆ ಹಚ್ಚಿ, ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಇಲ್ಲೇನೋ ಇದ್ದಂಗ ಕಾಣಸ್ತೈತಲ್ಲ. ನೀವು ಓದ್ರಿ."

ನಾನು ಕಾಗದ ಇಸಿದುಕೊಂಡೆ. ಅಲ್ಲಿಯವರೆಗಿನ ನೌಕರಿಯಲ್ಲಿ ಕಾಗದದ ಮೇಲಿದ್ದದ್ದನ್ನು ಇಲ್ಲ ಎಂದವಳಲ್ಲ ನಾನು. ಇಲ್ಲದ್ದನ್ನು ಇದೆ ಎಂದವಳೂ ಅಲ್ಲ. ನನ್ನ ಅನ್ನ ಬಂದದ್ದೇ ಒಂದು ಹೆಸರು ಗಟ್ಟಿಯಾಗಿ ಕೂತಿದ್ದರಿಂದ.

"ಏನೂ ಇಲ್ರಿ ಸರ," ಎಂದೆ. "ಮಷಿನ್ನಿನ ಕಲೆ ಅದು."

ಅವರು ನನ್ನ ಮುಖವನ್ನು ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಐದಕ್ಕೆ ಹತ್ತು ನಿಮಿಷ ಇತ್ತು. "ಮಷಿನ್ ರಿಪೇರಿ ಮಾಡಸ್ರಿ," ಎಂದು ಹೇಳಿ ಅವರು ಸಹಿ ಹಾಕಿದರು. ಮಷಿನ್ ಚೆನ್ನಾಗಿಯೇ ಇತ್ತು. ಅದನ್ನು ರಿಪೇರಿ ಮಾಡಿಸಿದಿರಾ ಎಂದು ಅವರು ಮುಂದೆಂದೂ ಕೇಳಲಿಲ್ಲ.

ಕಸ್ತೂರಿ ಪರೀಕ್ಷೆ ಬರೆದಳು. ಪ್ರಾಕ್ಟಿಕಲ್ ದಿನ ಅವಳ ಕೈಯಿಂದ ಜಾರಿ ಒಂದು ಗಾಜಿನ ನಳಿಕೆ ಒಡೆಯಿತಂತೆ. ಕಟಗೇರಿ ಸರ್ ಇನ್ನೊಂದು ಕೊಟ್ಟರು, ಮಾರ್ಕು ಮಾತ್ರ ಕಡಿಮೆ ಹಾಕಿದರು. ಎರಡು ತಿಂಗಳಿಗೆ ಫಲಿತಾಂಶ ಬಂತು. ಪಾಸಾಗಿದ್ದಳು. ಊರಿನ ಹೈಸ್ಕೂಲಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಒಂದು ಕೆಲಸ ಖಾಲಿಯಿತ್ತು. ಅರ್ಜಿ ಹಾಕಿದಳು. ಸಿಕ್ಕಿತು. ಈ ಸುದ್ದಿ ಹೇಳಲು ಅವಳು ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಅವತ್ತೇ ಇದನ್ನೂ ಹೇಳಿದಳು.

ಫಲಿತಾಂಶದ ಮರುದಿನ ಅಕ್ಷತಾ ಅಂಗಳದಲ್ಲಿ ಆಡುತ್ತಿದ್ದವಳು ಒಳಗೆ ಬಂದು ಬಾಗಿಲಿಗೆ ಒರಗಿ ನಿಂತಳಂತೆ. ಪಕ್ಕದ ಮನೆಯವರು ಏನು ಹೇಳಿದ್ದರೋ.

"ಅವ್ವಾ, ಅಪ್ಪನ್ನ ಹೋಗು ಅಂದಾಕಿ ನೀನ ಏನು?"

ಕಸ್ತೂರಿಗೆ ಒಂದು ಗಳಿಗೆ ಸುಳ್ಳು ಹೇಳುವ ಮನಸ್ಸಾಯಿತಂತೆ. ಗೋಡೌನಿನಿಂದ ಕರೆ ಬಂತು, ಕೆಲಸ ಇತ್ತು, ಇಂಥದ್ದೇನಾದರೂ ಹೇಳಬಹುದಿತ್ತು. ಹೇಳಲಿಲ್ಲ.

"ಹೂಂ. ನಾನ."

"ಪರೀಕ್ಷಾ ಸಲುವಾಗಿ?"

"ಹೂಂ."

ಹುಡುಗಿ ಬೈಯುತ್ತದೋ ಅಳುತ್ತದೋ ಎಂದು ಕಸ್ತೂರಿ ಕಾದಳು.

"ಎಷ್ಟು ಬಿದ್ದಾವು?"

"ನೂರಕ್ಕ ಐವತ್ತೆಂಟು."

"ಅಷ್ಟ?" ಎಂದಿತು ಹುಡುಗಿ.

ಇದನ್ನು ಹೇಳಿ ಕಸ್ತೂರಿ ಲೋಟ ಕೈಗೆತ್ತಿಕೊಂಡಳು. ಚಹಾ ತಣ್ಣಗಾಗಿತ್ತು, ಬಿಸಿ ಮಾಡಿ ತರುತ್ತೇನೆ ಎಂದು ಏಳಹೋದೆ. ಅವಳು ಬೇಡ ಎಂದು ಅದನ್ನೇ ಕುಡಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಮುಂದಿನ ಕೋರ್ಸಿನ ಫಾರ್ಮು ಯಾವ ತಿಂಗಳಲ್ಲಿ ಬರುತ್ತದೆ ಎಂದು ಕೇಳಿದಳು.